ಮಗಳ ಓದಿಗೆಂದು ಇಟ್ಟ ದುಡ್ಡು

ಸಂಜೆ ನಾಲ್ಕೂವರೆಗೆ ಪಿಗ್ಮಿಯವರು ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಬೆಲ್ ಬಾರಿಸುತ್ತಿದ್ದರು. ಅಮ್ಮ ಮಡಿಲಲ್ಲಿದ್ದ ಬೀಡಿಯ ತಡ್ಪೆ ಪಕ್ಕಕ್ಕಿಟ್ಟು, ಕೈಗೆ ಅಂಟಿದ ಹೊಗೆಸೊಪ್ಪಿನ ಪುಡಿ ಒರೆಸಿಕೊಂಡು, ಸೆರಗಿನ ಗಂಟು ಬಿಚ್ಚುತ್ತಿದ್ದರು. ಐದು ರೂಪಾಯಿ. ಕೆಲವು ದಿನ ಎರಡೇ. ಪಿಗ್ಮಿಯವರು ಸಣ್ಣ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕೊಟ್ಟ ಮೇಲೆ ಅಮ್ಮ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಅದು ನನ್ನ ಓದಿನ ದುಡ್ಡು. ಮಳೆಗಾಲದಲ್ಲಿ ಮಾಡಿನ ಹಂಚು ಸೋರಿದರೂ, ಅಪ್ಪನಿಗೆ ಎರಡು ತಿಂಗಳು ಕೆಲಸ ಇಲ್ಲದೆ ಹೋದರೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ನನ್ನ ಬಿ.ಕಾಂ.ನ ಮೂರೂ ವರ್ಷದ ಫೀಸು ಆ ಪುಸ್ತಕದಿಂದಲೇ ಬಂತು.

ನಮ್ಮ ಉಡುಪಿಯವರಿಗೆ ಇದೇನೂ ಹೊಸ ಕಥೆ ಅಲ್ಲ. ಪಿಗ್ಮಿ ಹುಟ್ಟಿದ್ದೇ ಇಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕನ್ನು 1925ರಲ್ಲಿ ಉಡುಪಿಯಲ್ಲಿ ಶುರು ಮಾಡಿದರು. 1928ರಲ್ಲಿ ಟಿ.ಎಂ.ಎ. ಪೈಯವರ ಆ ಬ್ಯಾಂಕು ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ನಾವೇ ಮನೆ ಬಾಗಿಲಿಗೆ ಬರುತ್ತೇವೆ ಎಂದಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ದಿನದ ದುಡ್ಡಿನಲ್ಲಿ ಸ್ವಲ್ಪ ತೆಗೆದಿಡುವ ಅಭ್ಯಾಸ ಈ ಊರಿನ ಹೆಂಗಸರ ಮೈಗೆ ಹತ್ತಿದೆ. ಆ ದುಡ್ಡು ಎಂತಕ್ಕೆ ಎಂದು ಯಾರನ್ನೇ ಕೇಳಿ. ಮಕ್ಕಳ ಓದಿಗೆ ಎನ್ನುತ್ತಾರೆ.

ಹಾಗೆ ಬೆಳೆದವಳು ನಾನು. ಹಾಗಾಗಿ 2016ರ ಆಗಸ್ಟ್‌ನಲ್ಲಿ ಮಗಳು ಹುಟ್ಟಿದಾಗ ತೊಟ್ಟಿಲಿನ ಜೊತೆಗೇ ಅವಳ ಓದಿನ ಲೆಕ್ಕವೂ ಶುರುವಾಯಿತು. ಮರುವರ್ಷ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ, ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರಿ ಉಳಿತಾಯ, ತೆರೆದೆವು. ತಿಂಗಳಿಗೆ 1,500. ನನ್ನ ಗಂಡ ಮದುವೆಯಾದ ವರ್ಷ, ಅಂದರೆ 2014ರಲ್ಲಿ, ಪಿಪಿಎಫ್ ಎಂಬ ದೀರ್ಘಾವಧಿಯ ಸರ್ಕಾರಿ ಉಳಿತಾಯ ಖಾತೆ ತೆರೆದು ತಿಂಗಳಿಗೆ 2,000 ಹಾಕುತ್ತಿದ್ದರು. ಅದರ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಅವರೇ ಪೆನ್ನಿನಲ್ಲಿ ‘ಪುಟ್ಟಿಯ ಓದು’ ಎಂದು ಬರೆದರು. ಅಮ್ಮ ಸುಮ್ನೆ ಇರುತ್ತಾರಾ? ಮೊಮ್ಮಗಳ ಹೆಸರಲ್ಲಿ ದಿನಕ್ಕೆ 20 ರೂಪಾಯಿ ಪಿಗ್ಮಿ ಶುರು ಮಾಡಿದರು.

ಈ ಮೂರು ಪುಸ್ತಕಗಳ ಕಥೆಯನ್ನೇ ಇವತ್ತು ಬರೆಯಬೇಕು ಎಂದುಕೊಂಡಿದ್ದೇನೆ. ನನ್ನ ಹಾಗೆಯೇ ರಾತ್ರಿ ಕೂತು ಲೆಕ್ಕ ಹಾಕುತ್ತಿರುವ ಯಾವುದೋ ಅಮ್ಮ ಇದನ್ನು ಓದಬಹುದು.

ಪುಟ್ಟಿಗೆ ಎರಡು ವರ್ಷ ದಾಟಿದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಬಿಸ್ಕೆಟಿನ ಪ್ಯಾಕೆಟ್ ಒಡೆದರೆ ಓಡಿ ಬರುತ್ತಿದ್ದಳು. ಕಿವಿ ಸರಿ ಇದೆ ಎಂದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಬಿಳಿ ಬಣ್ಣದ್ದು ಮಾತ್ರ ತಿನ್ನುತ್ತಿದ್ದಳು. ನೀರುದೋಸೆ, ಮೊಸರನ್ನ, ಇಡ್ಲಿ. ಕುಚ್ಚಲಕ್ಕಿಯ ಗಂಜಿಯಲ್ಲಿ ಒಂದು ಕೆಂಪು ಕಾಳು ಕಂಡರೂ ಬಟ್ಟಲು ದೂಡುತ್ತಿದ್ದಳು. ವಿಟ್ಲಪಿಂಡಿಯ ದಿನ ಹುಲಿವೇಷದ ತಾಸೆ ಕೇಳಿಸಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಮಂಚದ ಅಡಿ ಸೇರಿದಳು. ಸಂಜೆಯವರೆಗೂ ಹೊರಗೆ ಬರಲಿಲ್ಲ. ನೆಂಟರೆಲ್ಲ ಒಂದೇ ಮಾತು ಹೇಳಿದರು. ಅವಳಪ್ಪನೂ ತಡವಾಗಿಯೇ ಮಾತಾಡಿದ್ದು, ಎಲ್ಲ ಸರಿಯಾಗುತ್ತದೆ. ಆ ಮಾತನ್ನು ನಂಬಿ ನಾವು ಒಂದು ವರ್ಷಕ್ಕೂ ಜಾಸ್ತಿ ಕಾದೆವು. ಆ ವರ್ಷ ಈಗಲೂ ನನ್ನನ್ನು ಚುಚ್ಚುತ್ತದೆ.

2020ರ ಫೆಬ್ರವರಿಯಲ್ಲಿ ಡಾಕ್ಟರು ಆಟಿಸಂ ಎಂದರು. ಇದು ಗುಳಿಗೆ ಕೊಟ್ಟು ಗುಣ ಮಾಡುವ ಕಾಯಿಲೆ ಅಲ್ಲ, ಮೆದುಳು ಬೆಳೆಯುವ ರೀತಿಯೇ ಬೇರೆ, ಮಾತು ಮತ್ತು ದಿನದ ಕೆಲಸಗಳನ್ನು ಇವಳಿಗೆ ಒಂದೊಂದಾಗಿ ಕಲಿಸಬೇಕು ಎಂದು ನಿಧಾನವಾಗಿ ವಿವರಿಸಿದರು. ‘ಕಲಿಸಬೇಕು’ ಎಂಬ ಆ ಪದ ಆವತ್ತು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಚೀಟಿಯಲ್ಲಿ ಬರೆದದ್ದು ವಾರಕ್ಕೆ ಮೂರು ಸ್ಪೀಚ್ ಥೆರಪಿ, ಮೂರು ಓಟಿ. ಓಟಿ ಎಂದರೆ ಆಕ್ಯುಪೇಶನಲ್ ಥೆರಪಿ. ಮುಂದಿನ ತಿಂಗಳೇ ಲಾಕ್‌ಡೌನ್ ಬಂತು. ಸೆಂಟರ್ ಬಾಗಿಲು ಹಾಕಿತು. ಫೋನಿನಲ್ಲಿ ಹೇಳಿಕೊಟ್ಟದ್ದನ್ನು ನಾನು ಅಡುಗೆಕೋಣೆಯಲ್ಲಿ ಮಾಡಿಸುತ್ತಿದ್ದೆ.

ಸೆಂಟರ್ ಮತ್ತೆ ತೆರೆದಾಗ ನಮ್ಮ ಮನೆಯ ಲೆಕ್ಕ ತಲೆಕೆಳಗಾಗಿತ್ತು. ನನ್ನ ಗಂಡನದು ಮದುವೆ, ಪೂಜೆಗಳಿಗೆ ಶಾಮಿಯಾನ ಹಾಕುವ ಕೆಲಸ. ಸಮಾರಂಭವೇ ಇಲ್ಲದ ವರ್ಷ ಅದು. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ನನಗೆ ಬರುತ್ತಿದ್ದದ್ದು ತಿಂಗಳಿಗೆ 17,000. ಸ್ಪೀಚ್‌ಗೆ ಒಂದು ಸೆಶನ್‌ಗೆ 450, ಓಟಿಗೆ 500. ತಿಂಗಳಿಗೆ ಹನ್ನೆರಡು ಹನ್ನೆರಡು ಸೆಶನ್ ಎಂದರೆ 11,400. ಸಂತೆಕಟ್ಟೆಯಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲದ ಕಡೆಗೆ ಇನ್ನೊಂದು. ಅದು ಬೇರೆ.

ಮೊದಲು ಹೋದದ್ದು ಅಮ್ಮನ ಪಿಗ್ಮಿ. ಅಮ್ಮನಿಗೆ ಹೇಗೆ ಹೇಳುವುದು ಎಂದು ಎರಡು ದಿನ ಒದ್ದಾಡಿದೆ. ಕಡೆಗೆ ಮೀನು ತೊಳೆಯುತ್ತಿದ್ದಾಗ ಹೇಳಿದೆ. ಅಮ್ಮ ತಲೆ ಎತ್ತಲಿಲ್ಲ. “ಅದು ಎಂತಕ್ಕೆ ಇಟ್ಟ ದುಡ್ಡು? ಅವಳು ಕಲೀಲಿ ಅಂತ ಅಲ್ವಾ? ಈಗ ಅವಳು ಕಲೀಲಿಕ್ಕೇ ಹೋಗ್ತಾ ಇರುವುದಲ್ವಾ ಮಾರಾಯ್ತಿ?” ಎಂದರು. ಆಮೇಲೆ ಮೀನಿನ ಕಿವಿರು ತೆಗೆಯುವುದರಲ್ಲಿ ಮುಳುಗಿದರು.

ಡಾಕ್ಟರು ಹೇಳಿದ ‘ಕಲಿಸಬೇಕು’ ನನ್ನ ಮನಸ್ಸಿಗೆ ಇಳಿದದ್ದು ಆವತ್ತು.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಎರಡು ಡಬ್ಬಿಗಳಿದ್ದವು. ಒಂದು ಓದಿನದು, ಇನ್ನೊಂದು ಆಸ್ಪತ್ರೆಯದು. ಓದಿನ ಡಬ್ಬಿ ಒಡೆದು ಆಸ್ಪತ್ರೆಗೆ ಸುರಿಯುತ್ತಿದ್ದೇನೆ ಎಂಬ ತಪ್ಪಿತಸ್ಥ ಭಾವನೆ. ನಾಳೆ ಇವಳಿಗೆ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ. ಆದರೆ ಓಟಿ ಕೋಣೆಯಲ್ಲಿ ನಡೆಯುತ್ತಿದ್ದದ್ದು ಏನು? ಉಯ್ಯಾಲೆಯ ಮೇಲೆ ಮೈ ಸ್ಥಿಮಿತಕ್ಕೆ ತರುವುದು, ಅಕ್ಕಿ ತುಂಬಿದ ಟ್ರೇಯಲ್ಲಿ ಕೈ ಆಡಿಸಿ ಮಣಿ ಹುಡುಕುವುದು, ಕ್ಲಿಪ್ ಒತ್ತಿ ಒತ್ತಿ ಬೆರಳಿಗೆ ಬಲ ತರುವುದು. ಆ ಬೆರಳೇ ಅಲ್ವಾ ನಾಳೆ ಪೆನ್ಸಿಲ್ ಹಿಡಿಯಬೇಕಾದ್ದು? ಸ್ಪೀಚ್ ಕೋಣೆಯಲ್ಲಿ ಸಾಬೂನಿನ ಗುಳ್ಳೆ ಊದಿ ನಿಲ್ಲಿಸಿ, ಇನ್ನೂ ಬೇಕಾ ಎಂದು ಅವಳ ಮುಖ ನೋಡುತ್ತಾ ಕಾಯುತ್ತಿದ್ದರು. ಬೇಕು ಎಂದು ಹೇಳಲು ಬಾರದ ಮಗು ಬಾಲವಾಡಿಯಲ್ಲಿ ಕೂತು ಏನು ಕಲಿಯುತ್ತದೆ? ಬೇರೆ ಮಕ್ಕಳು ಮನೆಯಲ್ಲಿ ಸುಮ್ಮನೆ ಕಲಿಯುವುದನ್ನು ನನ್ನ ಮಗಳು ಗಂಟೆಗೆ ಇಷ್ಟು ಎಂದು ಫೀಸು ಕೊಟ್ಟು ಕಲಿಯುತ್ತಾಳೆ. ಅವಳ ಒಂದನೇ ಕ್ಲಾಸು ಅದೇ.

ಅವಳ ಮೊದಲ ಮಾತಿನ ಬಗ್ಗೆ ಹೇಳಬೇಕು. ನಮ್ಮ ಮನೆಮಾತು ತುಳು. ಸೆಂಟರಿನಲ್ಲಿ ಕನ್ನಡ. ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಮನೆಯಲ್ಲೂ ಇಂಗ್ಲಿಷ್ ಮಾತ್ರ ಆಡಿ ಎಂದು ಯಾರೋ ಹೇಳಿದ್ದರು. ನಮ್ಮ ಸ್ಪೀಚ್ ಮೇಡಂ ಮಾತ್ರ, ನಿಮಗೆ ಮನಸ್ಸು ಬಿಚ್ಚಿ ಮಾತಾಡಲು ಬರುವ ಭಾಷೆಯಲ್ಲೇ ಆಡಿ ಎಂದರು. ಅವರೇ ತುಳುವಿನ ನಾಲ್ಕು ಪದ ಬರೆದುಕೊಂಡರು. 2021ರ ಮಳೆಗಾಲ. ಸೆಶನ್ ಮುಗಿದು ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯ ಶಟರ್ ಇಳಿಸಿತ್ತು, ಒಳಗೆಲ್ಲ ಒದ್ದೆ ಕೊಡೆಯ ವಾಸನೆ. ಇಂದ್ರಾಳಿ ಸೇತುವೆಯ ಹತ್ತಿರ ಬಸ್ಸು ನಿಂತಿತ್ತು. ನನ್ನ ಚೀಲದಲ್ಲಿದ್ದ ನೀರಿನ ಬಾಟಲಿಯ ಮೇಲೆ ಕೈ ಇಟ್ಟು ಅವಳು “ಬೋಡು” ಎಂದಳು. ಬೇಕು ಎಂದು ಅದರ ಅರ್ಥ. ನಾನು ಬಾಟಲಿ ಕೊಡಲು ತಡ ಮಾಡಿದೆ, ಇನ್ನೊಮ್ಮೆ ಕೇಳಬೇಕು ಎಂದು. ಅವಳು ನನ್ನ ಮುಖ ನೋಡಿ ಮತ್ತೆ “ಬೋಡು” ಎಂದಳು. ಮುಖ ನೋಡಿ. ಅವಳಿಗೆ ಆಗ ಐದು ವರ್ಷ ತುಂಬಲು ಒಂದೂವರೆ ತಿಂಗಳು ಬಾಕಿ ಇತ್ತು.

ಆ ಒಂದು ಪದ ಪಿಪಿಎಫ್‌ನ ದುಡ್ಡಿನಿಂದ ಬಂದದ್ದು. ಪಿಗ್ಮಿಯ ಹತ್ತಿಪ್ಪತ್ತು ಸಾವಿರ ಎರಡು ತಿಂಗಳೂ ಬರಲಿಲ್ಲ. 2021ರ ಜನವರಿಯಲ್ಲಿ ಪಿಪಿಎಫ್‌ಗೆ ಕೈ ಹಾಕಿದ್ದೆವು. ಇದರ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ. ಖಾತೆ ತೆರೆದ ಹಣಕಾಸು ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಸ್ವಲ್ಪ ಹಣ ತೆಗೆಯಬಹುದು. ಎಷ್ಟು? ನಾಲ್ಕು ವರ್ಷದ ಹಿಂದಿನ ಮಾರ್ಚ್ ಕೊನೆಗೆ ಎಷ್ಟಿತ್ತು, ಕಳೆದ ಮಾರ್ಚ್ ಕೊನೆಗೆ ಎಷ್ಟಿತ್ತು ಎಂದು ನೋಡಿ, ಯಾವುದು ಕಡಿಮೆಯೋ ಅದರ ಅರ್ಧ. ಖಾತೆಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ದಾಟಿದ್ದರೂ ನಮ್ಮ ಕೈಗೆ ಬಂದದ್ದು ನಲವತ್ತು ಸಾವಿರದ ಆಸುಪಾಸು. 2017ರ ಮಾರ್ಚ್‌ನಲ್ಲಿ ಅದರಲ್ಲಿ ಎಂಬತ್ತು ಸಾವಿರ ಚಿಲ್ಲರೆ ಇದ್ದದ್ದು. ಆದರೂ ಪಿಪಿಎಫ್‌ನ ಒಂದು ಗುಣ ನನಗೆ ಇಷ್ಟ. ಈ ಅರ್ಧಕ್ಕೆ ಅದು ಕಾರಣ ಕೇಳುವುದಿಲ್ಲ. ಪಾಸ್‌ಬುಕ್, ಒಂದು ಫಾರ್ಮ್, ಒಂದು ಸಹಿ. ಓದಿಗೋ ಔಷಧಿಗೋ ಎಂದು ನಾವು ಯಾರಿಗೂ ಒಪ್ಪಿಸಬೇಕಿಲ್ಲ.

ಸುಕನ್ಯಾ ಹಾಗಲ್ಲ.

2022ರ ಜನವರಿಗೆ ಅದಕ್ಕೆ ಐದು ವರ್ಷ ತುಂಬಿತು. ಕಷ್ಟದಲ್ಲಿ ಒಂದು ವರ್ಷದಿಂದ ಜಾಸ್ತಿ ಏನೂ ಹಾಕಿರಲಿಲ್ಲ. ಆದರೂ ಬಡ್ಡಿ ಸೇರಿ ತೊಂಬತ್ತು ಸಾವಿರದ ಹತ್ತಿರ ಇತ್ತು. ಎಂಟು ತಿಂಗಳ ಥೆರಪಿ. ಥೆರಪಿಯ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಸಭ್ಯರು. ಫೈಲನ್ನು ಪೂರ್ತಿ ನೋಡಿದರು. ಆಮೇಲೆ ನಿಯಮ ಹೇಳಿದರು. ಓದಿಗೆ ಎಂದು ತೆಗೆಯಬೇಕಾದರೆ ಮಗಳಿಗೆ 18 ವರ್ಷ ಆಗಿರಬೇಕು, ಇಲ್ಲವೇ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಗಲೂ ಹಿಂದಿನ ವರ್ಷದ ಕೊನೆಗೆ ಇದ್ದುದರ ಅರ್ಧ ಮಾತ್ರ, ಅದೂ ಕಾಲೇಜಿನ ಸೀಟಿನ ಪತ್ರ ಅಥವಾ ಫೀಸಿನ ಚೀಟಿ ತೋರಿಸಿದರೆ. ಅವಧಿಗೆ ಮೊದಲೇ ಖಾತೆ ಮುಚ್ಚಬೇಕಾದರೆ ಐದು ವರ್ಷ ಆಗಿರಬೇಕು, ಮಗಳಿಗೆ ಜೀವಕ್ಕೆ ಅಪಾಯ ಇರುವ ಕಾಯಿಲೆ ಇರಬೇಕು, ಇಲ್ಲವೇ ಪೋಷಕರು ತೀರಿಹೋಗಿರಬೇಕು.

“ಇದು ಜೀವಕ್ಕೆ ಅಪಾಯ ಇರುವ ಕಾಯಿಲೆ ಅಲ್ವಲ್ಲ ಮೇಡಂ” ಎಂದರು ಅವರು.

ಅಲ್ಲ. ಖಂಡಿತ ಅಲ್ಲ, ದೇವರ ದಯೆ. ಆದರೆ ಫೈಲ್ ಮಡಚಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನನಗೆ ಅನಿಸಿದ್ದು ಇಷ್ಟು. ಈ ನಿಯಮ ಬರೆದವರ ಕಣ್ಣ ಮುಂದೆ ಎರಡೇ ಥರದ ಹುಡುಗಿಯರಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜಿಗೆ ಹೋಗುವವಳು ಒಬ್ಬಳು, ಸಾಯುವ ಕಾಯಿಲೆಯವಳು ಇನ್ನೊಬ್ಬಳು. ನನ್ನ ಮಗಳು ಆ ಎರಡು ಸಾಲುಗಳ ನಡುವೆ ನಿಂತಿದ್ದಾಳೆ. ಅವಳಿಗೆ ಓದಿನ ದುಡ್ಡು ಬೇಕಾಗಿರುವುದು 18ಕ್ಕಲ್ಲ, ಐದಕ್ಕೆ. ಅವಳಿಗೆ ಎಸ್ಸೆಸ್ಸೆಲ್ಸಿ ಬಾಗಿಲು ಅಲ್ಲ, ತುಂಬ ದೂರದ ಒಂದು ಊರು. ಅಲ್ಲಿಗೆ ಹೋಗುವ ದಾರಿಗೇ ಈಗ ದುಡ್ಡು ಬೇಕು.

ನನ್ನ ಪಿಎಫ್‌ನಲ್ಲೂ ಆಗ ಅದೇ ಕಥೆ. ಮಕ್ಕಳ ಓದಿಗೆ ಅಡ್ವಾನ್ಸ್ ಉಂಟು, ಆದರೆ ಓದು ಎಂದರೆ ಎಸ್ಸೆಸ್ಸೆಲ್ಸಿ ನಂತರದ್ದು. ಅದಕ್ಕೂ ಏಳು ವರ್ಷ ಸರ್ವಿಸ್ ಆಗಿರಬೇಕಿತ್ತು.

ಸುಕನ್ಯಾ ನಿಯಮದಲ್ಲಿ ಕಾಯಿಲೆ, ಪೋಷಕರ ಸಾವು ಎರಡನ್ನೂ ಉದಾಹರಣೆಯಾಗಿ ಮಾತ್ರ ಹೇಳಿದ್ದಾರೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಂಥ ಸಂದರ್ಭದಲ್ಲಿ ಖಾತೆ ಮುಂದುವರಿಸುವುದು ವಿಪರೀತ ಕಷ್ಟ ಕೊಡುತ್ತಿದೆ ಎಂದು ಅಧಿಕಾರಿಗೆ ದಾಖಲೆ ನೋಡಿ ಮನವರಿಕೆಯಾದರೆ, ಕಾರಣ ಬರೆದು ಮುಚ್ಚಲು ಒಪ್ಪಿಗೆ ಕೊಡಬಹುದು. ಅರ್ಜಿ ಹಾಕಬೇಕಾ ಎಂದು ನಾವಿಬ್ಬರೂ ಒಂದು ವಾರ ಯೋಚನೆ ಮಾಡಿದೆವು. ಹಾಕಲಿಲ್ಲ. ಅದರಲ್ಲಿ ಅರ್ಧ ಮಾತ್ರ ತೆಗೆಯಲು ದಾರಿ ಇಲ್ಲ, ತೆಗೆದರೆ ಪೂರ್ತಿ ಮುಚ್ಚಬೇಕು. ಒಂದು ದುಡ್ಡಾದರೂ ಅವಳ ಮುಂದಿನ ದಿನಕ್ಕೆ ಹಾಗೇ ಇರಲಿ ಎಂದರು ನನ್ನ ಗಂಡ. ಖಾತೆ ಜೀವಂತ ಇರಬೇಕಾದರೆ ವರ್ಷಕ್ಕೆ 250 ರೂಪಾಯಿ ಹಾಕಿದರೂ ಸಾಕು. ಆವತ್ತಿನಿಂದ ನಾವು ಹಾಕುತ್ತಿರುವುದು ಅಷ್ಟೇ. ತಿಂಗಳ 1,500 ಥೆರಪಿಗೆ ಹೋಗುತ್ತದೆ.

ದೊಡ್ಡಮ್ಮನ ಮಗ ಅಣ್ಣ ಅಮೆರಿಕದ ಅರಿಜೋನಾದಲ್ಲಿದ್ದಾನೆ. ಅವನ ಸಣ್ಣ ಮಗನಿಗೂ ಮಾತು ತಡ. ಕಳೆದ ವರ್ಷ ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕೂತು ಅಲ್ಲಿನ ಏರ್ಪಾಡು ಹೇಳಿದ. ಅಲ್ಲಿ ಮಕ್ಕಳ ಓದಿಗೆ ಉಳಿಸುವ ಖಾತೆಗೆ 529 ಎನ್ನುತ್ತಾರೆ, ತೆರಿಗೆ ಕಾನೂನಿನ ಆ ನಂಬರಿನ ಸೆಕ್ಷನ್ನಿನಿಂದ ಬಂದ ಹೆಸರು. ಬೆಳೆದ ಬಡ್ಡಿಗೆ ತೆರಿಗೆ ಇಲ್ಲ. ಆದರೆ ಓದಿಗಲ್ಲದೆ ಬೇರೆಯದಕ್ಕೆ ತೆಗೆದರೆ ಲಾಭದ ಮೇಲೆ ತೆರಿಗೆಯ ಜೊತೆ ಶೇಕಡಾ 10 ದಂಡ. ಅಂದರೆ ಅಲ್ಲಿಯೂ ಗೋಡೆ ಇತ್ತು. 2025ರ ಜುಲೈಯಲ್ಲಿ ಬಂದ ಕಾನೂನು ಆ ಗೋಡೆಯಲ್ಲಿ ಒಂದು ಬಾಗಿಲು ಇಟ್ಟಿದೆ. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಲೈಸೆನ್ಸ್ ಇರುವವರು ಕೊಡುವ ಸ್ಪೀಚ್ ಥೆರಪಿ, ಓಟಿ, ಫಿಸಿಯೋಥೆರಪಿ, ನಡವಳಿಕೆಯ ಥೆರಪಿ ಇವನ್ನೆಲ್ಲ ಶಾಲೆಯ ಖರ್ಚಿನ ಪಟ್ಟಿಯಲ್ಲೇ ಸೇರಿಸಿದ್ದಾರೆ. ಅಂಗವೈಕಲ್ಯ ಇರುವವರಿಗೆಂದೇ ಏಬಲ್ ಎಂಬ ಬೇರೆ ಉಳಿತಾಯ ಖಾತೆಯೂ 2014ರ ಕಾನೂನಿನಿಂದ ಇದೆ. ಅದರಲ್ಲಿ ಓದು, ಆರೋಗ್ಯ, ಮನೆ, ಓಡಾಟ ಎಲ್ಲಕ್ಕೂ ತೆಗೆಯಬಹುದು.

ಅರಿಜೋನಾದಲ್ಲಿ ರಾಜ್ಯ ಸರ್ಕಾರವೇ ಮಗುವಿನ ಓದಿನ ದುಡ್ಡನ್ನು ಒಂದು ಖಾತೆಗೆ ಹಾಕುವ ಪದ್ಧತಿ ಇನ್ನೊಂದು. 2011ರಲ್ಲಿ ಅದನ್ನು ಶುರು ಮಾಡಿದ್ದೇ ವಿಶೇಷ ಮಕ್ಕಳಿಗಾಗಿ. 2022ರಲ್ಲಿ ಎಲ್ಲ ಮಕ್ಕಳಿಗೂ ತೆರೆದರು. ಥೆರಪಿಗೂ ಅದರಿಂದ ಕೊಡಬಹುದು. ಆದರೆ ಅದನ್ನು ತೆಗೆದುಕೊಂಡರೆ ಮಗುವನ್ನು ಸರ್ಕಾರಿ ಶಾಲೆಯಿಂದ ಬಿಡಿಸಬೇಕು, ಆ ಶಾಲೆ ಕೊಡಲೇಬೇಕಾದ ಸೌಲಭ್ಯಗಳೂ ಬಿಟ್ಟುಹೋಗುತ್ತವೆ. ಅಣ್ಣ ಅದಕ್ಕೇ ಹಿಂದೆ ಮುಂದೆ ನೋಡುತ್ತಿದ್ದಾನೆ. ಆ ಪದ್ಧತಿ ನಮಗೂ ಬೇಕು ಎಂದು ನಾನು ಹೇಳುತ್ತಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಪಟ್ಟಿ. ಶಾಲೆಯ ಪುಸ್ತಕದ ಪಕ್ಕದಲ್ಲೇ ಸ್ಪೀಚ್ ಥೆರಪಿ. ನನ್ನ ಅಮ್ಮ ಮೀನು ತೊಳೆಯುತ್ತಾ ಹೇಳಿದ್ದನ್ನೇ ಒಂದು ದೇಶದ ಕಾನೂನು ಬರೆದಿಟ್ಟಿದೆ.

ನಮ್ಮಲ್ಲೂ ಇದು ಆಗದ ಮಾತೇನಲ್ಲ. ಆದಾಯ ತೆರಿಗೆಯಲ್ಲಿ 80ಡಿಡಿ ಎಂದೇ ಹೆಸರಾದ ರಿಯಾಯಿತಿ ನೋಡಿ. ಅಂಗವೈಕಲ್ಯ ಇರುವ ಮಗುವಿನ ಚಿಕಿತ್ಸೆ, ತರಬೇತಿ, ಪುನರ್ವಸತಿ ಮೂರನ್ನೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಶೇಕಡಾ 40 ಇದ್ದರೆ 75,000, ಶೇಕಡಾ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ ಆದಾಯದಲ್ಲಿ ಕಳೆಯಬಹುದು, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ತೆರಿಗೆ ಕಟ್ಟುವಷ್ಟು ಆದಾಯ ಇದ್ದವರಿಗೆ ಇದು ದೊಡ್ಡ ಆಸರೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ, ಮಕ್ಕಳ ಹೆಸರಿನ ಪಿಂಚಣಿ ಖಾತೆಯಾದ ಎನ್‌ಪಿಎಸ್ ವಾತ್ಸಲ್ಯದಲ್ಲಿ ಮೂರು ವರ್ಷದ ನಂತರ, ನಾವು ಕಟ್ಟಿದ್ದರ ಕಾಲು ಭಾಗವನ್ನು ಓದಿಗೆ, ಕೆಲವು ಕಾಯಿಲೆಗಳಿಗೆ, ಅಂಗವೈಕಲ್ಯಕ್ಕೆ ತೆಗೆಯಬಹುದು ಎಂದರು. ಆದರೆ ಶುರುವಿನ ನಿಯಮದಲ್ಲಿ ಅಂಗವೈಕಲ್ಯ ಶೇಕಡಾ 75ಕ್ಕಿಂತ ಜಾಸ್ತಿ ಇರಬೇಕು ಎಂದಿತ್ತು. ಥೆರಪಿಯಿಂದ ನಿಜವಾಗಿ ಮುಂದೆ ಬರಬಹುದಾದ ಎಷ್ಟೋ ಮಕ್ಕಳು ಆ ಗೆರೆಯ ಈಚೆ ಉಳಿಯುತ್ತಾರೆ.

ನಾನು ಕೇಳುವುದು ಸಣ್ಣದು. ಸುಕನ್ಯಾ ನಿಯಮದಲ್ಲಿ ಒಂದು ಸಾಲು ಸೇರಿಸಲಿ. ಮಗಳ ಹೆಸರಲ್ಲಿ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಇದ್ದರೆ, ನೋಂದಣಿ ಇರುವ ಥೆರಪಿಸ್ಟರ ಬಿಲ್ಲು ಇದ್ದರೆ, ವರ್ಷಕ್ಕೆ ಇಷ್ಟು ಎಂದು ಮಿತಿ ಇಟ್ಟು, 18ರ ತನಕ ಕಾಯಿಸದೆ ಕೊಡಲಿ. ಕಾಲೇಜಿನ ಫೀಸಿನ ಚೀಟಿ ನೋಡಿ ಕೊಡುತ್ತಾರಲ್ಲ, ಹಾಗೆಯೇ. ಅದು ಅವಳದೇ ದುಡ್ಡು.

ಅಲ್ಲಿಯವರೆಗೆ ನಾವು ಮಾಡಿದ್ದನ್ನು, ಮಾಡಬೇಕಿದ್ದದ್ದನ್ನು ಹೇಳುತ್ತೇನೆ. ಉಳಿತಾಯ ಒಡೆಯುವ ಮೊದಲು ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ನಾವು ಒಂದೂವರೆ ವರ್ಷ ತಡ ಮಾಡಿದೆವು. ಹಣೆಪಟ್ಟಿ ಬೀಳುತ್ತದೆ ಎಂದು ನನ್ನ ಗಂಡನಿಗೆ ಮನಸ್ಸಿರಲಿಲ್ಲ, ನನಗೂ ಒಳಗೊಳಗೆ ಇರಲಿಲ್ಲ. ಆಟಿಸಂಗೆ ಐಸಾ ಎಂಬ ಅಳತೆ ಉಂಟು. ನಲವತ್ತು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದು ಅಂಕ. ಆವತ್ತು ಆ ನಲವತ್ತಕ್ಕೂ ಉತ್ತರ ಕೊಡುತ್ತಾ ಹೋದಾಗ ನನ್ನ ಮಗಳು ಎಷ್ಟು ಕಷ್ಟಪಟ್ಟು ದಿನ ದೂಡುತ್ತಾಳೆ ಎಂದು ನನಗೇ ಮೊದಲ ಸಲ ಪೂರ್ತಿ ಕಂಡಿತು. ಆ ಕಾಗದ ಬಂದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿದೆವು. ಕಂತು ಕೆಲವು ನೂರು ರೂಪಾಯಿ ಮಾತ್ರ, ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ. ಮೊದಲೇ ಇದ್ದ ತೊಂದರೆ ಎಂದು ತಳ್ಳಿಹಾಕುವುದಿಲ್ಲ. ಅದರಲ್ಲಿ ಥೆರಪಿಗೆ ಎಂದು ಇಟ್ಟ ಪಾಲು ನಮ್ಮ ಎರಡು ತಿಂಗಳ ಖರ್ಚಿಗೂ ಸಾಲದು. ಆದರೂ ಎರಡು ತಿಂಗಳು ಎಂದರೆ ಸಣ್ಣ ಮಾತಲ್ಲ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಬೆಳವಣಿಗೆ ತಡವಾದ ಮಕ್ಕಳಿಗೆಂದೇ ಕೇಂದ್ರಗಳನ್ನು ಮಾಡಿದ್ದಾರೆ, ಡಿಇಐಸಿ ಎನ್ನುತ್ತಾರೆ, ಅಲ್ಲಿ ಫೀಸಿಲ್ಲ. ಇದನ್ನು ನನಗೆ ಹೇಳಿದ್ದು ನಮ್ಮ ಅಂಗನವಾಡಿ ಟೀಚರ್, ಅದೂ ನಾವು ಅಷ್ಟೂ ದುಡ್ಡು ಕಳೆದ ಮೇಲೆ. ಮೊದಲು ಅಲ್ಲಿಗೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೂ ಒಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆವು. ಮನೆಯಲ್ಲಿ ದಿನಾ ಏನು ಮಾಡಿಸಬೇಕು ಎಂದು ನನ್ನ ಕೈಯಲ್ಲೇ ಮಾಡಿಸಿ ತೋರಿಸಿದರು. ಅದರಿಂದ ವಾರಕ್ಕೆ ಆರು ಸೆಶನ್ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಇನ್ನೊಂದು ಮಾತು. ಸ್ಪೀಚ್ ಥೆರಪಿಸ್ಟರನ್ನು, ವಿಶೇಷ ಶಿಕ್ಷಕರನ್ನು ಆರ್‌ಸಿಐ ನೋಂದಣಿ ಉಂಟಾ ಎಂದು ಕೇಳಲು ಸಂಕೋಚ ಬೇಡ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅದು. ಮೂರು ತಿಂಗಳಲ್ಲಿ ಆಟಿಸಂ ಪೂರ್ತಿ ಗುಣ ಮಾಡುತ್ತೇವೆ ಎಂದು ದೊಡ್ಡ ಮೊತ್ತ ಕೇಳಿದವರೂ ನಮಗೆ ಸಿಕ್ಕಿದ್ದರು. ಮಕ್ಕಳ ಓದಿನ ದುಡ್ಡು ಹೋಗಬಾರದ ಕಡೆ ಹೋಗುವುದು ಹೀಗೆ. ಆ ಹೊತ್ತಿನಲ್ಲಿ ತಾಯಂದಿರು ಏನನ್ನು ಬೇಕಾದರೂ ನಂಬಿಬಿಡುತ್ತೇವೆ.

ಪೂರ್ತಿ ಖಾಲಿ ಮಾಡಲೂ ಬೇಡಿ ಎಂದು ನನ್ನ ಗಂಡ ಬರೆಯಲು ಹೇಳಿದ್ದಾರೆ. ಈ ಮಕ್ಕಳ ಖರ್ಚು ಓದು ಮುಗಿದ ಮೇಲೆ ನಿಲ್ಲುವುದಿಲ್ಲ. ನಾವು ಹೋದ ಮೇಲೂ ಇರುತ್ತದೆ. ಆ ಯೋಚನೆ ರಾತ್ರಿ ಎರಡು ಗಂಟೆಗೆ ಬರುತ್ತದೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲು ನನಗಾಗುವುದಿಲ್ಲ.

ಪುಟ್ಟಿ ಈಗ ಊರಿನ ಶಾಲೆಗೆ ಹೋಗುತ್ತಾಳೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರರಿಂದ ಹದಿನೆಂಟರ ತನಕ ಇಂಥ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಇದೆ. ಅವಳ ಟೀಚರಿಗೆ ತಾಳ್ಮೆ ಉಂಟು. ಬಿಸಿಯೂಟದ ಸಾಂಬಾರನ್ನು ಅನ್ನಕ್ಕೆ ಕಲಸದೆ ಪಕ್ಕದಲ್ಲಿ ಬಡಿಸುತ್ತಾರೆ. ಪುಟ್ಟಿ ಮೂರು ಪದ ಸೇರಿಸಿ ಮಾತಾಡುತ್ತಾಳೆ. “ಬೋಡು” ಜೊತೆಗೆ “ಬೊಡ್ಚಿ”ಯೂ ಬಂದಿದೆ. ಬೇಡ ಎಂದು ಗಟ್ಟಿಯಾಗಿ ಹೇಳುತ್ತಾಳೆ. ಮೊದಲು ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಕಳೆದ ಮಾರ್ಚಿನಲ್ಲಿ 250 ರೂಪಾಯಿ ಹಾಕಲು ಹೋದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ 18 ತುಂಬುವುದು 2034ರ ಆಗಸ್ಟ್‌ಗೆ. ಆವತ್ತಿನಿಂದ ಆ ಖಾತೆಯನ್ನು ಅವಳೇ ನೋಡಿಕೊಳ್ಳಬೇಕು, ಅವಳೇ ಸಹಿ ಹಾಕಬೇಕು. ಆಗದೇ ಹೋದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಸಮಿತಿಯ ಮುಂದೆ ಹೋಗಿ ನಾವು ಪೋಷಕರೆಂದು ಮಾಡಿಸಿಕೊಳ್ಳಬಹುದು. ಆ ದಾರಿಯನ್ನೂ ತಿಳಿದಿಟ್ಟುಕೊಂಡಿದ್ದೇನೆ. ಆದರೆ ಈ ಸಂಗತಿಯನ್ನು ನಮ್ಮ ಓಟಿ ಮೇಡಂಗೆ ಹೇಳಿದಾಗ ಅವರು ಈ ವರ್ಷದ ಗುರಿಯನ್ನೇ ಬದಲಿಸಿದರು. ಚಿತ್ರಕ್ಕೆ ಬಣ್ಣ ತುಂಬುವುದು ಎಂದಿದ್ದಲ್ಲಿ ‘ಸ್ವಂತ ಹೆಸರು ಬರೆಯುವುದು’ ಎಂದು ಬರೆದರು.

ಪೆನ್ಸಿಲಿಗೆ ದಪ್ಪ ರಬ್ಬರಿನ ಹಿಡಿ ಹಾಕಿದ್ದಾರೆ. ಮೊದಲು ರವೆಯ ತಟ್ಟೆಯಲ್ಲಿ ಬೆರಳಿನಿಂದ, ಆಮೇಲೆ ಸ್ಲೇಟಿನಲ್ಲಿ, ಈಗ ಅಗಲ ಗೆರೆಯ ಪುಸ್ತಕದಲ್ಲಿ. ಅವಳ ಹೆಸರಿನ ಮೊದಲ ಅಕ್ಷರ ‘ನ’. ಕೆಳಗಿನ ಸುರುಳಿ ಬರುತ್ತದೆ, ಮೇಲಿನ ತಲೆಕಟ್ಟು ಹಾಕಲು ಮರೆಯುತ್ತಾಳೆ. ಮೇಡಂ ಹೇಳಿಕೊಟ್ಟ ಹಾಗೆ ನಾನು “ಮಂಡೆಗ್ ಟೊಪ್ಪಿ” ಎನ್ನುತ್ತೇನೆ. ತಲೆಗೆ ಟೊಪ್ಪಿ. ಆಗ ಅವಳು ಪೆನ್ಸಿಲನ್ನು ಮತ್ತೆ ಮೇಲೆ ತಂದು, ನಾಲಿಗೆ ಹಲ್ಲಿನ ನಡುವೆ ಒತ್ತಿ ಹಿಡಿದು, ಟೊಪ್ಪಿ ಹಾಕುತ್ತಾಳೆ. ನಿನ್ನೆ ಒಂದು ಪುಟದಲ್ಲಿ ಹದಿನೊಂದು ‘ನ’ ಬರೆದಳು. ಏಳಕ್ಕೆ ನಾನು ಹೇಳದೆಯೇ ಟೊಪ್ಪಿ ಹಾಕಿದ್ದಳು. ಆ ಪುಟವನ್ನು ಹರಿದು ಸುಕನ್ಯಾ ಪಾಸ್‌ಬುಕ್ಕಿನ ಒಳಗೆ ಇಟ್ಟಿದ್ದೇನೆ.